ಅಸ್ಥಿಸಂಧಾನದಲ್ಲಿ ‘ಸಾರುವೆ’ ಎಂಬ ಶಬ್ದದ ಔಚಿತ್ಯ

ಶಾಸ್ತ್ರದ ಪರಿಭಾಷೆಯಲ್ಲಿ ರೂಪಕಕ್ಕೂ ಸ್ಥಾನವುಂಟು. ಆದರೆ ಕಾವ್ಯದ ರೂಪಕವು ಸಾದೃಶ್ಯದ ಒಂದಂಶದಿಂದಲೇ ರಸವನ್ನುಂಟುಮಾಡಬಲ್ಲುದು. ಶಾಸ್ತ್ರದ ರೂಪಕವು ವಸ್ತುವಿನ ಪ್ರಧಾನಧರ್ಮವನ್ನು ಮರೆಮಾಡಿದರೆ ಅನರ್ಥಕ್ಕೆ ಎಡೆಯಾಗುವುದು. ಎಲುಬು ಮುರಿದು ನಷ್ಟವಾದ ಎಡೆಯಲ್ಲಿ ವೈದ್ಯರು ಇರಿಸುವ, ಕ್ರಮೇಣ ಕರಗಿಹೋಗುವ ನಾರಿನ ಆಧಾರಕ್ಕೆ ಆಂಗ್ಲಭಾಷೆಯಲ್ಲಿ ‘ಸ್ಕ್ಯಾಫೋಲ್ಡ್’ ಎಂಬ ಹೆಸರು ರೂಢವಾಗಿದೆ. ಅಂಗಾಂಶ ನಿರ್ಮಾಣವನ್ನು ಕುರಿತು ಲ್ಯಾಂಗರ್ ಮತ್ತು ವಕಾಂಟಿ ಎಂಬುವರು 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದ ತರುವಾಯ ಈ ವಿಚಾರವು ವಿಶೇಷವಾಗಿ ಪ್ರಸಾರಗೊಂಡಿತು. ಆ ಹೆಸರನ್ನು ಕನ್ನಡದಲ್ಲಿ ‘ಸಾರುವೆ’ ಎಂದು ಪರಿವರ್ತಿಸುವುದು ಯುಕ್ತವೇ ಎಂಬುದು ವಿಚಾರಾರ್ಹವಾಗಿದೆ.

ಸಾರುವೆಯು ಗೋಡೆಯ ಹೊರಗೆ ನಿಲ್ಲುವುದು. ಕಟ್ಟಡ ಮುಗಿದೊಡನೆ ಅದನ್ನು ಬಿಚ್ಚಿ ತೆಗೆಯುವರು. ಪ್ರಕೃತ ವಸ್ತುವಾದರೋ ಒಳಗಿರತಕ್ಕುದು. ಎಲುಬು ಕೊಲಾಜನ್ ಎಂಬ ನಾರಿನಿಂದಲೂ, ಸುಣ್ಣ ಮತ್ತು ರಂಜಕಗಳ ಲವಣದಿಂದಲೂ ಆದುದು. ಆ ನಾರನ್ನು ಹೋಲುವ ಅತಿಸೂಕ್ಷ್ಮವಾದ ಎಳೆಗಳನ್ನು ವಿದ್ಯುಚ್ಛಕ್ತಿಯಿಂದ ಸೆಳೆದು, ಎಡೆಎಡೆಯಲ್ಲಿ ರಂಧ್ರಗಳಿರುವ ಹಾಸನ್ನು ಮಾಡುವರು. ಈ ಬಗೆಯ ನೂಲುವಿಕೆಗೆ ಫಾರ್ಮ್‌ಹಾಲ್ಸ್ ಎಂಬಾತನು 1934ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟನ್ನು ಪಡೆದಿದ್ದನು. ಜೀವಕೋಶಗಳು ಎಳೆಗಳನ್ನು ಹಿಡಿದು ಬೆಳೆಯುವುವು. ಪಾಲಿಲ್ಯಾಕ್ಟಿಕ್ ಆಮ್ಲದಂತಹ ದ್ರವ್ಯವು ದೇಹದ ನೀರಿನಿಂದ ಮೆಲ್ಲಮೆಲ್ಲನೆ ಒಡೆದು ಕರಗುವುದು. ಬೇಗ ಕರಗಿದರೆ ಆಧಾರ ಕುಸಿಯುವುದು. ತಡವಾದರೆ ಹೊಸ ಎಲುಬಿಗೆ ಅಡ್ಡಿಯಾಗುವುದು. ಈ ಕಾಲಸಾಮ್ಯವೇ ಅದರ ಜೀವಾಳ. ಸಾರುವೆ ಎಂಬ ಮಾತಿನಲ್ಲಿ ಇದರ ಸೂಚನೆಯೇ ಇಲ್ಲ.

ಸುಶ್ರುತಸಂಹಿತೆಯ ‘ಕುಶ’ವೂ ಇದಕ್ಕೆ ಸಲ್ಲದು. ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯಿಂದಲೂ ಬಿದಿರಿನಿಂದಲೂ ಮಾಡಿ ಮೇಲೆ ಕಟ್ಟುವ ದಬ್ಬೆ ಅದು. ಪ್ರಾಚೀನರ ಶಸ್ತ್ರಕೌಶಲವು ಸ್ತುತ್ಯವೇ. ಆದರೆ ಹೊರಗಿನ ಕಟ್ಟನ್ನು ಒಳಗಿನ ಆಧಾರವೆಂದು ಹೇಳುವುದರಿಂದ ಅವರ ಕೀರ್ತಿಯೇನೂ ಹೆಚ್ಚದು.

ಔಷಧದ ವಿಷಯದಲ್ಲಿ ಈ ಭೇದವು ಮತ್ತಷ್ಟು ಸ್ಪಷ್ಟವಾಗುವುದು. ಎಲುಬಿನೊಳಗೆ ಸೋಂಕು ನೆಲೆಸಿದಾಗ ಜೆಂಟಮೈಸಿನ್ ಬೆರೆಸಿದ ಅಕ್ರಿಲಿಕ್ ಸಿಮೆಂಟಿನ ಮಣಿಗಳನ್ನಿಡುವ ಪದ್ಧತಿಯು 1970ರ ದಶಕದಲ್ಲಿ ಬಳಕೆಗೆ ಬಂದಿತು. ಆ ಮಣಿಗಳು ಕರಗವಾದುದರಿಂದ ಅವನ್ನು ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಶಸ್ತ್ರಕ್ರಿಯೆ ಬೇಕಾಗುವುದು. ತೆಗೆಯಬೇಕಾದ ಧರ್ಮದಿಂದ ಸಾರುವೆಯ ಸಾದೃಶ್ಯವು ನಿಜವಾಗಿ ಒಪ್ಪುವುದು ಅವಕ್ಕೇ! ಮದ್ದು ತುಂಬಿದ ನಾರುಗಳ ಉದ್ದೇಶವು ಈ ಎರಡನೆಯ ಕೊಯ್ತವನ್ನು ತಪ್ಪಿಸುವುದೇ ಆಗಿದೆ. ಆದರೂ ದೋಷವಿಲ್ಲದಿಲ್ಲ. ಮದ್ದಿನ ಬಹುಭಾಗವು ಮೊದಲ ಕೆಲವು ಗಂಟೆಗಳಲ್ಲಿಯೇ ಹೊರಬೀಳುವುದುಂಟು. ಬಳಿಕ ಅಲ್ಪಪ್ರಮಾಣದಲ್ಲಿ ಜಿನುಗಿದರೆ ರೋಗಾಣುಗಳು ಸಾಯದೆ ಮದ್ದಿಗೆ ಬಗ್ಗದಂತಾಗುವ ಭಯವಿದೆ. ಅದಕ್ಕಾಗಿ ಮದ್ದನ್ನು ಎಳೆಯ ತಿರುಳಿನಲ್ಲಿರಿಸಿ ಮೇಲೆ ಕವಚವನ್ನು ಹೊದಿಸುವ ಉಪಾಯವನ್ನು ಕಂಡುಕೊಂಡಿರುವರು. ದೇಹದ ಭಾರವನ್ನು ಹೊರುವ ಶಕ್ತಿಯೂ ಇಂತಹ ಹಾಸಿಗೆ ಸಾಲದು.

ಇವನ್ನೆಲ್ಲ ಪರ್ಯಾಲೋಚಿಸಿದರೆ ‘ಹಂದರ’ವೆಂಬ ಮಾತು ಹೆಚ್ಚು ಉಚಿತವಾಗಿ ತೋರುವುದು. ಬಳ್ಳಿಯು ಹಂದರವನ್ನು ಹೆಣೆದುಕೊಂಡು ಹಬ್ಬುವಂತೆ ಜೀವಕೋಶಗಳು ನಾರಿನಲ್ಲಿ ಹಬ್ಬುವುವು. ಹಂದರವೂ ತಾನಾಗಿ ಕರಗುವುದಿಲ್ಲವಾದ ಕಾರಣ ‘ಕರಗುವ ಹಂದರ’ವೆಂಬ ವಿಶೇಷಣವು ಅವಶ್ಯಕ. ಸಾರುವೆಯೆಂದು ಕೇಳಿದ ರೋಗಿಯು ‘ಇದನ್ನು ತೆಗೆಯುವುದೆಂದು?’ ಎಂದು ಕೇಳುವನು. ಕರಗುವ ಹಂದರವೆಂದರೆ ಆ ಪ್ರಶ್ನೆಗೆ ಹೆಸರಿನಲ್ಲಿಯೇ ಉತ್ತರವಿರುವುದು.