ಹಿಂದಿನ ಬೆಂಚಿನ ಮೇಲೊಂದು ಫೋನು

ಬಿ.ಇಡಿ. ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳನ್ನು ತಿರುವಿ ಹಾಕಿದರೆ ಒಂದು ತಮಾಷೆ ಕಣ್ಣಿಗೆ ಬೀಳುತ್ತದೆ. ಥರ್ಮೊಕೋಲ್ ಮಾದರಿಯ ಫೋಟೊ, ಮಿಂಚುಪಟ್ಟಿ, ಚಾರ್ಟುಗಳ ಪಕ್ಕದಲ್ಲೇ ಪಿಪಿಟಿ ಸ್ಲೈಡುಗಳನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಇಟ್ಟಿರುತ್ತಾರೆ. ಪರದೆಯ ಮೇಲೆ ಮೂಡಬೇಕಾದದ್ದು ಕಾಗದಕ್ಕಿಳಿದು, ಉಪನ್ಯಾಸಕರ ಸಹಿ ಬಿದ್ದು, ಬೀರು ಸೇರುತ್ತದೆ. ನಾಳೆ ಶಾಲೆಗೆ ಹೋಗುವ ಮೇಷ್ಟ್ರು ತಂತ್ರಜ್ಞಾನ ಕಲಿತಿದ್ದಾರೆ ಎನ್ನುವುದಕ್ಕೆ ನಮ್ಮಲ್ಲಿ ಇದೇ ದಾಖಲೆ.

ಪಠ್ಯಕ್ರಮ ರೂಪಿಸಿದವರ ಆಸೆ ಇಷ್ಟು ಸಣ್ಣದಾಗಿರಲಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯ ಮೂಲಕ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹಿಗ್ಗಿಸಿದಾಗ ವೃತ್ತಿ ಸಾಮರ್ಥ್ಯ ಬೆಳೆಸುವ ನಾಲ್ಕು ಪತ್ರಿಕೆಗಳನ್ನು ಸೇರಿಸಿತು. ಅದರಲ್ಲಿ ಮೂರನೆಯದು, ಎಲ್ಲರೂ ಇಪಿಸಿ-3 ಎಂದು ಕರೆಯುವುದು, ಮಾಹಿತಿ ತಂತ್ರಜ್ಞಾನವನ್ನು ವಿಮರ್ಶೆಯ ಕಣ್ಣಿಂದ ಅರಿಯುವ ಪತ್ರಿಕೆ. ಯಂತ್ರ ನಡೆಸುವುದಷ್ಟೇ ಅಲ್ಲ, ಯಾವ ಪಾಠಕ್ಕೆ ಅದು ಬೇಕು, ಯಾವುದಕ್ಕೆ ಬೇಡ, ಯಾವ ಮಗುವನ್ನು ಅದು ಹೊರಗೆ ನಿಲ್ಲಿಸುತ್ತದೆ ಎಂದು ಕೇಳುವ ಜಾಗ ಅದು. ಆದರೆ ಬಹುಪಾಲು ಕಡೆ ಆ ಅವಧಿ ಕಳೆಯುವುದು ಕೀಬೋರ್ಡಿನ ಭಾಗಗಳು, ವರ್ಡಿನಲ್ಲಿ ಒಂದು ಅರ್ಜಿ, ಎಕ್ಸೆಲ್‌ನಲ್ಲಿ ಒಂದು ಅಂಕಪಟ್ಟಿ ಇವುಗಳಲ್ಲೇ. ದಿನಕ್ಕೆ ನಾಲ್ಕು ತಾಸು ಇನ್‌ಸ್ಟಾಗ್ರಾಂ ನೋಡುವ ಹುಡುಗ ಅಂತರ್ಜಾಲದ ಉಪಯೋಗಗಳನ್ನು ಐದು ಅಂಶಗಳಲ್ಲಿ ಬರೆದು ಪಾಸಾಗುತ್ತಾನೆ.

ನನ್ನ ತಕರಾರು ಸೌಲಭ್ಯದ ಕೊರತೆಯ ಬಗ್ಗೆ ಅಲ್ಲ. ಅದರ ಬಗ್ಗೆ ಬೇಕಾದಷ್ಟು ವರದಿಗಳಿವೆ. ನಮ್ಮ ಶಿಕ್ಷಕ ತರಬೇತಿ ತಂತ್ರಜ್ಞಾನವನ್ನು ಮಕ್ಕಳಿಗೆ ಏನನ್ನೋ ತೋರಿಸುವ ಸಾಧನವಾಗಿ ಮಾತ್ರ ಕಂಡಿದೆ. ಕಲಿಸುವುದನ್ನು ಕಲಿಯುತ್ತಿರುವವರು ತಮ್ಮ ಕೆಲಸವನ್ನು ತಾವೇ ನೋಡಿಕೊಳ್ಳಲು ಅದು ಒದಗಬಹುದು ಎಂಬುದನ್ನು ಕೈಗೆಟಕುವಷ್ಟು ಹತ್ತಿರವಿದ್ದರೂ ಬಿಟ್ಟಿದೆ.

ಇಂಟರ್ನ್‌ಶಿಪ್ಪಿನಲ್ಲಿ ಸಾಮಾನ್ಯವಾಗಿ ನೋಡಸಿಗುವ ಪಿಪಿಟಿ ಪಾಠವನ್ನೇ ತೆಗೆದುಕೊಳ್ಳಿ. ವಿಷಯ ದ್ಯುತಿಸಂಶ್ಲೇಷಣೆ. ಪ್ರೊಜೆಕ್ಟರ್ ಜೋಡಿಸುವುದರಲ್ಲಿ ಹತ್ತು ನಿಮಿಷ ಹೋಗುತ್ತದೆ. ಬೆಳಕು ಹೆಚ್ಚಾಯಿತೆಂದು ಕಿಟಕಿ ಮುಚ್ಚುತ್ತಾರೆ. ಮಕ್ಕಳ ಮುಖ ಕಾಣುವುದು ಅಲ್ಲಿಗೆ ನಿಂತಿತು. ಮೊದಲ ಸ್ಲೈಡಿನಲ್ಲಿ ಸ್ವಾಗತ, ಎರಡನೆಯದರಲ್ಲಿ ತಿರುಗುತ್ತಾ ಬರುವ ಅಕ್ಷರಗಳಲ್ಲಿ ಪಾಠದ ಹೆಸರು, ಮೂರನೆಯದರಿಂದ ಪಠ್ಯಪುಸ್ತಕದ್ದೇ ವಾಕ್ಯಗಳು. ಪ್ರಶಿಕ್ಷಣಾರ್ಥಿ ಪರದೆಯತ್ತ ತಿರುಗಿ ಓದುತ್ತಾಳೆ, ಮಕ್ಕಳು ಸೇರಿ ಓದುತ್ತಾರೆ. ಕುಂಡದಲ್ಲಿರುವ ಒಂದು ಎಲೆಗೆ ಕಪ್ಪು ಕಾಗದ ಸುತ್ತಿ ಎರಡು ದಿನ ಬಿಟ್ಟು, ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಿ ನೋಡುವ ಪ್ರಯೋಗದ ಫೋಟೊ ಆರನೆಯ ಸ್ಲೈಡಿನಲ್ಲಿದೆ. ಹೊರಗೆ ಅಂಗಳದಲ್ಲಿ ದಾಸವಾಳದ ಗಿಡವಿದೆ. ಈ ಪಾಠಕ್ಕೆ ರೆಕಾರ್ಡಿನಲ್ಲಿ ಒಳ್ಳೆಯ ಷರಾ ಬರುತ್ತದೆ, ಯಾಕೆಂದರೆ ಕಲಿಕೋಪಕರಣ ಎಂಬ ಕಾಲಮ್ಮಿನಲ್ಲಿ ಪ್ರೊಜೆಕ್ಟರ್ ಎಂದಿದೆ.

ಕನ್ನಡ ಮಾಧ್ಯಮದವರಿಗೆ ಇದರ ಜೊತೆ ಇನ್ನೊಂದು ಕಾಟ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ರಾತ್ರಿಯೆಲ್ಲ ಕೂತು ಟೈಪು ಮಾಡಿದ ಪಾಠ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ನಿಲ್ಲುತ್ತವೆ. ಯುನಿಕೋಡ್‌ನಲ್ಲಿ ಟೈಪು ಮಾಡಿದ್ದರೆ ಈ ಗೋಳಿರಲಿಲ್ಲ. ಕನ್ನಡದಲ್ಲಿ ಪಾಠ ಮಾಡಲು ಹೊರಟವರಿಗೆ ಮೊದಲ ದಿನವೇ ಹೇಳಿಕೊಡಬೇಕಾದ ಸಂಗತಿಯಿದು. ಹೇಳಿಕೊಡುವವರು ಕಡಿಮೆ. ಕೊನೆಗೆ ಹುಡುಗಿ ಯಾರದೋ ಸಿದ್ಧ ಇಂಗ್ಲಿಷ್ ಸ್ಲೈಡು ಇಳಿಸಿಕೊಂಡು, ಕನ್ನಡದಲ್ಲಿ ವಿವರಿಸುತ್ತಾ ಪಾರಾಗುತ್ತಾಳೆ.

ಯಂತ್ರ ಪಾಠ ಹೇಳಲಿ, ಮೇಷ್ಟ್ರು ಪಕ್ಕದಲ್ಲಿ ನಿಲ್ಲಲಿ ಎಂಬ ಈ ಅಭ್ಯಾಸ ನಿನ್ನೆಯದಲ್ಲ. 1975-76ರಲ್ಲಿ ಸೈಟ್ ಎಂಬ ಉಪಗ್ರಹ ಟಿ.ವಿ. ಪ್ರಯೋಗ ಆರು ರಾಜ್ಯಗಳ 2400 ಹಳ್ಳಿಗಳಿಗೆ ಹೋದಾಗ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಶಾಲೆಗಳಲ್ಲೂ ಬೆಳಗಿನ ಪಾಠ ಪರದೆಯಿಂದ ಬಂತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಡಿಶ್ ಬಂತು. ಆಮೇಲೆ ಸ್ಮಾರ್ಟ್ ಕ್ಲಾಸು, 2017ರಿಂದ ದೀಕ್ಷಾ ಜಾಲತಾಣ, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡು. ಪ್ರತಿಸಲವೂ ಹೊಸ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ಬಂದದ್ದನ್ನು ತನ್ನ ಮೂವತ್ತು ಮಕ್ಕಳಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಪ್ರಶ್ನೆ ಹಾಕಬೇಕು ಎಂಬ ತರಬೇತಿ ಮಾತ್ರ ಹಿಂದೆಯೇ ಉಳಿಯಿತು.

ಹಾಗಾದರೆ ಒಳ್ಳೆಯ ಬಳಕೆ ಎಂದರೆ ಏನು? ಜಿಯೋಜೀಬ್ರಾದ ಒಂದು ಪಾಠ ನೋಡೋಣ. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬಾತ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಶುರುಮಾಡಿದ ಈ ಗಣಿತ ತಂತ್ರಾಂಶ ಉಚಿತ. ಏಳನೆಯ ತರಗತಿಯ ತ್ರಿಭುಜದ ಪಾಠದಲ್ಲಿ ಒಂದು ಶೃಂಗವನ್ನು ಹಿಡಿದು ಎಳೆದರೆ ತ್ರಿಭುಜ ಚೂಪಾಗುತ್ತದೆ, ಚಪ್ಪಟೆಯಾಗುತ್ತದೆ, ಮೂರೂ ಕೋನಗಳ ಅಳತೆ ಬದಲಾಗುತ್ತಲೇ ಇರುತ್ತದೆ. ಕಪ್ಪುಹಲಗೆಯ ಮೇಲೆ ಅರ್ಧ ಗಂಟೆಯಲ್ಲಿ ನಾಲ್ಕು ತ್ರಿಭುಜ ಎಳೆಯಬಹುದು; ಇಲ್ಲಿ ಒಂದು ನಿಮಿಷದಲ್ಲಿ ನಲವತ್ತು. ಯಂತ್ರದಿಂದ ಮಾತ್ರ ಆಗುವ ಕೆಲಸ ಇದು. ಆದರೆ ನಿಜವಾದ ಪಾಠ ಇನ್ನೂ ಮುಂದಿದೆ. ಮೂರು ಕೋನಗಳ ಅಳತೆಯನ್ನು ದಶಮಾಂಶದ ಎರಡು ಸ್ಥಾನಕ್ಕೆ ತೋರಿಸುವಂತೆ ಇಟ್ಟಿದ್ದರೆ, ಅವನ್ನು ಪುಸ್ತಕದಲ್ಲಿ ಕೂಡುತ್ತಾ ಕೂತ ಮಗುವಿಗೆ ಒಮ್ಮೊಮ್ಮೆ 180ರ ಬದಲು 179.99 ಬರುತ್ತದೆ, ಇಲ್ಲವೇ 180.01. ಟೀಚರ್, ಕಂಪ್ಯೂಟರ್ ತಪ್ಪು ಹೇಳ್ತಿದೆ!

ಸಾಫ್ಟ್‌ವೇರ್ ಒತ್ತುವುದನ್ನಷ್ಟೇ ಕಲಿತವರು ಇಲ್ಲಿ ತಬ್ಬಿಬ್ಬಾಗುತ್ತಾರೆ, ಇಲ್ಲವೇ ‘ಅದು ಹಾಗೇ, ನೂರಾ ಎಂಬತ್ತು ಅಂತ ಬರ್ಕೊಳ್ಳಿ’ ಎನ್ನುತ್ತಾರೆ. ಗಣಿತವನ್ನೂ ಮಕ್ಕಳನ್ನೂ ಬಲ್ಲವರು ಅಲ್ಲೇ ನಿಲ್ಲುತ್ತಾರೆ. ಯಂತ್ರ ಪ್ರತಿಯೊಂದು ಅಳತೆಯನ್ನೂ ಸಮೀಪದ ಸಂಖ್ಯೆಗೆ ಒಗ್ಗಿಸಿ ತೋರಿಸುತ್ತದೆ, ಎಷ್ಟು ಅಳೆದರೂ ಅಳತೆ ಸಾಧನೆಯಾಗುವುದಿಲ್ಲ, ಸಾಧನೆಗೆ ಬೇರೆಯೇ ದಾರಿ ಬೇಕು ಎಂಬಲ್ಲಿಗೆ ತರಗತಿಯನ್ನು ಕರೆದೊಯ್ಯುತ್ತಾರೆ. ವಿಷಯ ಗೊತ್ತಿರುವುದು ಬೇರೆ, ಅದನ್ನು ಕಲಿಸುವ ಬಗೆ ಗೊತ್ತಿರುವುದು ಬೇರೆ ಎಂದು ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. ಅಮೆರಿಕದಲ್ಲಿರುವ ಭಾರತ ಮೂಲದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನದ ತಿಳಿವಳಿಕೆಯನ್ನೂ ಜೋಡಿಸಿ, ಮೂರೂ ಕೂಡಿದ ಜಾಗದಲ್ಲೇ ಶಿಕ್ಷಕರ ಜಾಣ್ಮೆ ಇರುವುದು ಎಂದರು. ಮೂರು ವೃತ್ತಗಳ ಆ ಚಿತ್ರವನ್ನು ಬಿ.ಇಡಿ. ಪರೀಕ್ಷೆಯಲ್ಲಿ ಅಂದವಾಗಿ ಬಿಡಿಸುವವರಿಗೆ ಕೊರತೆಯಿಲ್ಲ. 179.99ರ ಮುಂದೆ ಏನು ಮಾಡುತ್ತಾರೆ ಎಂದು ಪರೀಕ್ಷಿಸುವವರು ವಿರಳ. ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಂಥ ಪ್ರಯತ್ನಗಳು ಸೇವೆಯಲ್ಲಿರುವ ಶಿಕ್ಷಕರನ್ನು ಈ ದಿಕ್ಕಿಗೆ ತಿರುಗಿಸಿದ್ದುಂಟು. ಸೇವೆಗೆ ಬರುವ ಮುಂಚೆಯೇ ಆಗಬೇಕಾದದ್ದು ಸೇವೆಗೆ ಬಂದ ಮೇಲೆ, ಅದೂ ಕೆಲವರಿಗೆ, ಆಗುತ್ತಿದೆ.

ಈಗ ಮೈಕ್ರೋ ಟೀಚಿಂಗಿಗೆ ಬರೋಣ. ಬಿ.ಇಡಿ. ಓದಿದ ಯಾರಿಗಾದರೂ ಈ ಮಾತು ಕೇಳಿದೊಡನೆ ನಗು ಬರುತ್ತದೆ: ಸಹಪಾಠಿಗಳೇ ಆರನೆಯ ತರಗತಿಯ ಮಕ್ಕಳಂತೆ ಕೂತು ‘ಹೌದು ಟೀಚರ್’ ಎನ್ನುವ ಆ ಆರು ನಿಮಿಷದ ನಾಟಕ. ಅದರ ಮೂಲ ಮಾತ್ರ ಗಂಭೀರವಾದದ್ದು. 1960ರ ದಶಕದ ಮೊದಲಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಇದನ್ನು ರೂಪಿಸಿದಾಗ, ಆಗಷ್ಟೇ ಬಂದಿದ್ದ ವಿಡಿಯೊ ಟೇಪ್ ರೆಕಾರ್ಡರ್ ಅದರ ಜೀವಾಳವಾಗಿತ್ತು. ಚಿಕ್ಕ ಪಾಠ ಮಾಡು, ನೀನು ಮಾಡಿದ್ದನ್ನು ನೀನೇ ನೋಡು, ತಿದ್ದಿಕೊಂಡು ಮತ್ತೆ ಮಾಡು. 1970ರ ದಶಕದಲ್ಲಿ ಎನ್.ಸಿ.ಇ.ಆರ್.ಟಿ. ಮತ್ತು ಬರೋಡಾದ ಶಿಕ್ಷಣ ವಿದ್ವಾಂಸರು ಇದನ್ನು ನಮ್ಮ ಕಾಲೇಜುಗಳಿಗೆ ಹೊಂದಿಸಿದರು. ವಿಡಿಯೊ ಯಂತ್ರ ಕೊಳ್ಳುವ ತಾಕತ್ತು ಯಾರಿಗೂ ಇರಲಿಲ್ಲ. ಹಾಗಾಗಿ ಸಹಪಾಠಿಗಳೇ ಮಕ್ಕಳು, ಸಹಪಾಠಿಗಳೇ ವೀಕ್ಷಕರು. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ಪಾಠ, ಆರು ಹಿಮ್ಮಾಹಿತಿ. ಒಟ್ಟು 36 ನಿಮಿಷದ ಚಕ್ರ. ಬಡತನದಲ್ಲಿ ಹುಟ್ಟಿದ ಜಾಣ ವ್ಯವಸ್ಥೆ ಅದು, ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಆ ಬಡತನ ಹೋಗಿ ಕಾಲವಾಯಿತು. ಸ್ಟ್ಯಾನ್‌ಫರ್ಡಿನವರ ಬಳಿ ಇದ್ದುದಕ್ಕಿಂತ ಎಷ್ಟೋ ಉತ್ತಮವಾದ ಕ್ಯಾಮೆರಾ ಇಂದು ಪ್ರಶಿಕ್ಷಣಾರ್ಥಿಯ ಚೀಲದಲ್ಲೇ ಇದೆ. ಅದು ಪ್ರಾರ್ಥನೆ, ಬೀಳ್ಕೊಡುಗೆ, ಗ್ರೂಪ್ ಫೋಟೊಗಳಿಗೆ ಹೊರಬರುತ್ತದೆ. ಪಾಠದ ಹೊತ್ತಿಗೆ ಸೈಲೆಂಟ್ ಮಾಡಿ ಒಳಗಿಡಬೇಕೆಂಬ ನಿಯಮ. ವೀಕ್ಷಣಾ ಪಟ್ಟಿಯಲ್ಲಿ ಗೆಳತಿ ಎಲ್ಲ ಕೌಶಲಕ್ಕೂ ‘ಉತ್ತಮ’ ಎಂದು ಟಿಕ್ ಹಾಕುತ್ತಾಳೆ. ನಾಳೆ ಅವಳ ಸರದಿಯಲ್ಲಿ ಇವಳು ಹಾಕಬೇಕಲ್ಲ!

ಫೋನನ್ನು ಹಿಂದಿನ ಬೆಂಚಿನ ಮೇಲೆ, ಒಂದೆರಡು ಪುಸ್ತಕಗಳಿಗೆ ಒರಗಿಸಿ ಇಟ್ಟು ನೋಡಿದವರಿಗೆ ಆಗುವ ಅನುಭವವೇ ಬೇರೆ. ಮೊದಲ ಸಲ ಎಲ್ಲರೂ ತಮ್ಮ ಸೀರೆಯ ನೆರಿಗೆಯನ್ನೋ ದನಿಯನ್ನೋ ನೋಡಿ ಮುಜುಗರಪಡುತ್ತಾರೆ. ಎರಡನೆಯ ಸಲ ಪಾಠ ಕಾಣತೊಡಗುತ್ತದೆ. ‘ಗೊತ್ತಾಯ್ತಾ’ ಎಂಬ ಮಾತು ಎಷ್ಟು ಸಲ ಬಂತು, ಪ್ರಶ್ನೆಗಳೆಲ್ಲ ಎಡಗಡೆಯ ಮುಂದಿನ ಸಾಲಿಗೇ ಏಕೆ ಹೋದವು, ಹುಡುಗಿಯರ ಸಾಲಿನತ್ತ ಒಮ್ಮೆಯೂ ತಿರುಗಲಿಲ್ಲವೇ ಎಂಬುದನ್ನೆಲ್ಲ ಯಾರೂ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದ ಮಕ್ಕಳೂ ಬಾಯಿಬಿಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಅವರಿಗೂ ಅದು ಗೊತ್ತಾದದ್ದು ತರಗತಿಗಳ ಟೇಪುಗಳನ್ನು ಕೇಳಿಯೇ. ಪಾಠ ಮಾಡುತ್ತಿರುವವರಿಗೆ ಒಂದು ಸೆಕೆಂಡು ಒಂದು ಯುಗದಂತಿರುತ್ತದೆ. ರೆಕಾರ್ಡಿಂಗಿನಲ್ಲಿ ಮಾತ್ರ ಅದು ಎಷ್ಟು ಚಿಕ್ಕದೆಂದು ಕೇಳುತ್ತದೆ.

ಇದಕ್ಕೆ ಎದುರು ಮಾತುಗಳಿವೆ, ಹಗುರಾದವಲ್ಲ. ತರಗತಿಯ ಮಕ್ಕಳು ವಿಡಿಯೊದಲ್ಲಿ ಬರುತ್ತಾರೆ. 18 ವರ್ಷದೊಳಗಿನವರ ವೈಯಕ್ತಿಕ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದ್ದರಿಂದಲೇ ಹಿಂದಿನ ಬೆಂಚು: ಅಲ್ಲಿಂದ ಶಿಕ್ಷಕಿಯ ಮುಖ ಕಾಣುತ್ತದೆ, ಮಕ್ಕಳ ಬೆನ್ನು ಮಾತ್ರ. ಶಾಲೆಗೆ ಹೇಳಿ, ಒಪ್ಪಿಗೆ ಪಡೆದು, ನೋಡಿದ ಮೇಲೆ ಅಳಿಸಬೇಕು. ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋಗಕೂಡದು. ಅಷ್ಟೂ ಕಷ್ಟವೆನಿಸಿದರೆ, ಶಾಲೆ ಒಪ್ಪಿದರೆ, ಧ್ವನಿ ಮಾತ್ರ ಸಾಕು. ವಿಡಿಯೊ ತಪ್ಪು ಹುಡುಕುವ ಅಸ್ತ್ರವಾಗುತ್ತದೆ ಎಂಬ ಭಯವೂ ಸುಳ್ಳಲ್ಲ. ಅದನ್ನು ಮೊದಲು ನೋಡುವ ಹಕ್ಕು ಪಾಠ ಮಾಡಿದವರದ್ದೇ ಆಗಿರಬೇಕು, ಅದಕ್ಕೆ ಅಂಕ ಕೊಡಬಾರದು.

ಫೋನು ಎಂದೊಡನೆ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ನಡೆದ 2020ರ ವಿದ್ಯಾಗಮ ಯೋಜನೆಯೂ ನೆನಪಾಗಬೇಕು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಆಗ ಮಕ್ಕಳನ್ನು ಮೂರು ಗುಂಪು ಮಾಡಿ, ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಮಕ್ಕಳ ಕೈಯಲ್ಲಿ ಫೋನ್ ಇದೆಯೆಂದು ನಂಬಿ ಹಾಕಿದ ಯೋಜನೆ ಹಳ್ಳಿಯಲ್ಲಿ ನಿಲ್ಲುವುದಿಲ್ಲ. ನಾನು ಹೇಳುತ್ತಿರುವುದಕ್ಕೆ ಒಂದೇ ಫೋನು ಸಾಕು, ಅದೂ ಶಿಕ್ಷಕರದ್ದು. ನೆಟ್‌ವರ್ಕ್ ಕೂಡ ಬೇಡ.

ಈಚೆಗೆ ಪಾಠಯೋಜನೆಯನ್ನು ಚಾಟ್‌ಜಿಪಿಟಿಯೇ ಬರೆದುಕೊಡುತ್ತಿದೆ. ಪಾಠದ ಐದು ಹಂತಗಳಾದ ಐದು ‘ಇ’ಗಳ ಕಾಲಮ್ಮುಗಳನ್ನು ಅದು ನಿಮಿಷದಲ್ಲಿ ತುಂಬುತ್ತದೆ. ಉಪನ್ಯಾಸಕರು ಸಿಟ್ಟಾಗುತ್ತಾರೆ. ನನಗೇನೋ ಸಿಟ್ಟು ಬರುವುದಿಲ್ಲ. ಯಂತ್ರ ಅಷ್ಟು ಸಲೀಸಾಗಿ ತುಂಬಬಲ್ಲ ಕಾಲಮ್ಮುಗಳನ್ನು ಇಷ್ಟು ವರ್ಷ ಕೈಯಲ್ಲಿ ಬರೆಸಿ ನಾವು ಏನನ್ನು ಅಳೆಯುತ್ತಿದ್ದೆವು ಎಂಬ ಪ್ರಶ್ನೆ ಬರುತ್ತದೆ. ತರಗತಿಯಲ್ಲಿ ನಡೆದ ಪಾಠದ ರೆಕಾರ್ಡಿಂಗು ಮತ್ತು ಅದನ್ನು ನೋಡಿ ತನ್ನ ಕೈಯಾರೆ ಬರೆದ ಒಂದು ಪುಟವನ್ನು ಇನ್ನೊಬ್ಬರಿಂದ ಬರೆಸಿ ತರುವುದು ಅಷ್ಟು ಸುಲಭವಲ್ಲ.

ಎರಡನೆಯ ವರ್ಷದ ಇಂಟರ್ನ್‌ಶಿಪ್ಪಿಗೆ 16 ವಾರಗಳಿವೆ. ಬಿ.ಇಡಿ. ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದೇ ಕೋರಿಕೆ: ಮುಂದಿನ ಬ್ಯಾಚಿನಿಂದ ಪಿಪಿಟಿ ಪ್ರಿಂಟ್‌ಔಟಿನ ಫೈಲನ್ನು ಕೈಬಿಡಿ. ಅದರ ಬದಲು ಮೊದಲ ವಾರದ ಒಂದು ಪಾಠ, ಕೊನೆಯ ವಾರದ ಒಂದು ಪಾಠ ರೆಕಾರ್ಡ್ ಮಾಡಿಸಿ, ಎರಡನ್ನೂ ಅವರೇ ಹೋಲಿಸಿ ಬರೆಯಲಿ. ಕಲರ್ ಪ್ರಿಂಟಿನ ಖರ್ಚೂ ಉಳಿಯುತ್ತದೆ.