ತುಕ್ಕಿಗೆ ಹೆದರಬೇಡಿ, ಹೊಳಪಿಗೆ ಹೆದರಿ

ಹಳೆಯ ಮರಗೆಲಸದ ಸಲಕರಣೆಗಳ ಹರಾಜಿಗೆ ಹೊಸದಾಗಿ ಬಂದವರ ಕಣ್ಣು ಮೊದಲು ಬೀಳುವುದು ಫಳಫಳ ಹೊಳೆಯುವ ವಸ್ತುವಿನ ಮೇಲೆ. ಪಕ್ಕದಲ್ಲೇ ಕಂದು ತುಕ್ಕು ಹೊದ್ದು ಕೂತ ಹತ್ತರಿಯನ್ನು ಅವರು ಎತ್ತಿಯೂ ನೋಡುವುದಿಲ್ಲ. ಇಂಗ್ಲೆಂಡ್, ಅಮೆರಿಕದ ಹರಾಜು ಪಟ್ಟಿಗಳನ್ನು ವರ್ಷಗಳಿಂದ ಓದಿ, ಸವಾಲು ಕೂಗಿ ನನಗೆ ಮನದಟ್ಟಾದದ್ದು ಇಷ್ಟು: ಯಾವ ದೋಷ ಮನೆಯಲ್ಲೇ ಸರಿಹೋಗುತ್ತದೆ, ಯಾವುದು ಯಾರ ಕೈಯಲ್ಲೂ ಸರಿಹೋಗದು ಎಂದು ಬಲ್ಲವರಿಗೇ ಒಳ್ಳೆಯ ಸಲಕರಣೆ ನ್ಯಾಯವಾದ ಬೆಲೆಗೆ ದಕ್ಕುತ್ತದೆ.

ಮೇಲ್ಮೈ ತುಕ್ಕು ಸೀಮೆಎಣ್ಣೆಗೆ, ಸ್ಟೀಲ್ ವೂಲ್‌ಗೆ, ಒಂದು ಸಂಜೆಯ ತಾಳ್ಮೆಗೆ ಬಗ್ಗುತ್ತದೆ. ಅಲಗಿನ ಹಿಂಬದಿಯಲ್ಲಿ ತುಕ್ಕು ಗುಳಿ ಕೊರೆದಿದ್ದರೆ ಮಾತ್ರ ಯೋಚಿಸಬೇಕು. ಹರಿತವೆಂದರೆ ಅಲಗಿನ ಎರಡು ಮೈ ಕೂಡುವ ಗೆರೆ. ಒಂದು ಮೈ ಗುಳಿಬಿದ್ದಿದ್ದರೆ ಎಷ್ಟು ಸಾಣೆ ಹಿಡಿದರೂ ಆ ಗೆರೆ ಮುಕ್ಕಾಗಿಯೇ ಉಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ತಯಾರಾದ ಅಲಗುಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆ ಇರುತ್ತದೆ. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸಲು ತೊಡಗಿದ ಉಕ್ಕಿನ ಗುರುತು ಅದು. ಈ ಉಕ್ಕು ದುಬಾರಿಯಾಗಿದ್ದರಿಂದ ಇಡೀ ಅಲಗನ್ನು ಅದರಿಂದ ಮಾಡುತ್ತಿರಲಿಲ್ಲ. ಮೆದು ಕಬ್ಬಿಣದ ಪಟ್ಟಿಯ ತುದಿಗೆ ಉಕ್ಕಿನ ತೆಳು ಪದರವನ್ನು ಕಾಸಿ ಬಡಿದು ಕೂಡಿಸುತ್ತಿದ್ದರು. ಪಕ್ಕದಿಂದ ನೋಡಿದರೆ ಎರಡು ಬಣ್ಣದ ಲೋಹ ಬೇರೆಬೇರೆಯಾಗಿ ಕಾಣುತ್ತದೆ. ತಲೆಮಾರುಗಳ ಸಾಣೆಯಲ್ಲಿ ಆ ಉಕ್ಕು ಸವೆದು ಮುಗಿದಿದ್ದರೆ ಉಳಿದಿರುವುದು ಬರೀ ಮೆದು ಕಬ್ಬಿಣ. ಎಷ್ಟೇ ಚೆಂದ ಹೊಳೆದರೂ ಅದು ಹರಿತ ಹಿಡಿಯದು.

ಬೀಡು ಕಬ್ಬಿಣದ ಹತ್ತರಿಗಳಲ್ಲಿ ಅಮೆರಿಕದ ಸ್ಟ್ಯಾನ್ಲಿ ಕಂಪನಿಯವೇ ಹೆಚ್ಚು ಸಿಗುತ್ತವೆ. ಹತ್ತರಿಯ ವಿನ್ಯಾಸಕ ಲಿಯೊನಾರ್ಡ್ ಬೈಲಿಯ ಪೇಟೆಂಟುಗಳನ್ನು ಕಂಪನಿ ಕೊಂಡದ್ದು 1869ರಲ್ಲಿ. ಆ ವಿನ್ಯಾಸ ಇವತ್ತಿಗೂ ಚಾಲ್ತಿಯಲ್ಲಿದೆ. ಬೀಡು ಗಟ್ಟಿ, ಆದರೆ ಪೆಡಸು. ಕೆಳಗೆ ಬಿದ್ದರೆ ಸೀಳುತ್ತದೆ. ಅಲಗು ಹೊರಬರುವ ಬಾಯಿಯ ಮೂಲೆಗಳನ್ನೂ ಎರಡೂ ಪಕ್ಕೆಗಳನ್ನೂ ಬೆಳಕಿಗೆ ಹಿಡಿದು ನೋಡಿ. ಸಣ್ಣ ಹಳದಿ ಗೆರೆ ಕಂಡರೆ ಅಲ್ಲಿ ಹಿತ್ತಾಳೆ ಬೆಸುಗೆ ಬಿದ್ದಿದೆ. ಹೊಸದಾಗಿ ಬಳಿದ ಕಪ್ಪು ಬಣ್ಣದ ಅಡಿಯಲ್ಲಿ ಅಂಥ ಗೆರೆ ಅಡಗಿರಬಹುದು. ಹಾಗಾಗಿ ಹಳೆಯ ಹತ್ತರಿಯ ಮೇಲೆ ಹೊಸ ಬಣ್ಣ ಕಂಡಾಗ ನನ್ನ ಬೆಲೆ ಇಳಿಯುತ್ತದೆ.

ವಯಸ್ಸನ್ನೂ ಹತ್ತರಿಯೇ ಹೇಳುತ್ತದೆ. ಅಲಗಿಗೆ ಆಸರೆ ಕೊಡುವ ‘ಫ್ರಾಗ್’ ಭಾಗದ ಹಿಂದೆ ತಳದಲ್ಲಿ ಮೂರು ಪೇಟೆಂಟ್ ದಿನಾಂಕಗಳು ಅಚ್ಚಾಗಿದ್ದು, ಕೊನೆಯದು 1910ರ ಏಪ್ರಿಲ್ 19 ಆಗಿದ್ದರೆ, ಆ ಒಡಲು ಸುಮಾರು 1910ರಿಂದ 1918ರ ನಡುವಿನದು. ಒಡಲೊಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು, ಹಿಡಿ ಮತ್ತೊಂದು ಕಾಲದ್ದು ಆಗಿರುವುದು ಸಾಮಾನ್ಯ. ಕೆಲಸಕ್ಕೆ ಅಡ್ಡಿಯಿಲ್ಲ, ಸಂಗ್ರಹದ ಬೆಲೆ ಮಾತ್ರ ಕೊಡಬೇಡಿ. ತಿರುಪು ಕಾಣೆಯಾಗಿದ್ದರೆ ಇನ್ನೂ ಎಚ್ಚರ: ಸ್ಟ್ಯಾನ್ಲಿ ತಿರುಪುಗಳಲ್ಲಿ ಹಲವದರ ಸುತ್ತು ಆ ಕಂಪನಿಗೇ ವಿಶಿಷ್ಟ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದರ ಜೋಡಿ ಸಿಗದು.

ಸ್ಟ್ಯಾನ್ಲಿಯ ಒಂದನೆಯ ನಂಬರಿನ ಹತ್ತರಿಯ ಉದ್ದ ಕೇವಲ ಐದೂವರೆ ಇಂಚು. ಅಪರೂಪದ್ದಾದ್ದರಿಂದ ಅದಕ್ಕೆ ಸಾವಿರ ಡಾಲರ್ ಮೀರಿದ ಬೆಲೆ ಇದೆ; ಬೆಲೆಯ ಬೆನ್ನಲ್ಲೇ ನಕಲಿಗಳೂ ಹುಟ್ಟಿವೆ. ಅಸಲಿಯೊಂದನ್ನು ಕೈಯಲ್ಲಿ ಹಿಡಿದು ಅಳೆದು ನೋಡದವರು ಅದಕ್ಕೆ ಕೂಗಬಾರದು.

ನನಗೆ ಹೆಚ್ಚು ಪ್ರೀತಿ ಇಂಗ್ಲೆಂಡಿನ ಬೀಚ್ ಮರದ ಹತ್ತರಿಗಳ ಮೇಲೆ. ಮುಂದಿನ ತುದಿಯಲ್ಲಿ ತಯಾರಕನ ಹೆಸರು, ಅದರ ಸುತ್ತ ಒಬ್ಬರಾದ ಮೇಲೊಬ್ಬರಂತೆ ಬಂದ ಒಡೆಯರ ಹೆಸರುಗಳು ಒತ್ತಿರುತ್ತವೆ. ಯಾವುದು ತಯಾರಕನದು ಎಂದು ತಿಳಿಯಲು ಡಬ್ಲ್ಯು.ಎಲ್. ಗುಡ್‌ಮನ್ 1968ರಲ್ಲಿ ಪ್ರಕಟಿಸಿದ ಬ್ರಿಟಿಷ್ ಹತ್ತರಿ ತಯಾರಕರ ಕೋಶವೇ ಇವತ್ತಿಗೂ ಆಧಾರ. ಗೋಡೆಯ ಪಟ್ಟಿ, ಬಾಗಿಲವಾಡಗಳಿಗೆ ಬಳುಕು ಕೊರೆಯುವ ಹತ್ತರಿ ಒಂಬತ್ತೂವರೆ ಇಂಚು ಇದ್ದರೆ ಬಹುಮಟ್ಟಿಗೆ ನಂತರದ ಕಾಲದ್ದು. ಹತ್ತು ಇಂಚಿನ ಆಸುಪಾಸು ಇದ್ದು, ಅಂಚುಗಳ ಇಳಿಜಾರು ಅಗಲವಾಗಿ ಚಪ್ಪಟೆಯಾಗಿದ್ದರೆ ಹದಿನೆಂಟನೆಯ ಶತಮಾನದ್ದಿರಬಹುದು. ಅದರ ಮೇಲೆ ಲಂಡನ್ನಿನ ರಾಬರ್ಟ್ ವುಡಿಂಗ್‌ನಂಥ ಆರಂಭಕಾಲದ ತಯಾರಕನ ಹೆಸರಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಇಂಥ ಹತ್ತರಿಯ ತುದಿಯನ್ನು ಮರಳುಕಾಗದದಿಂದ ತಿಕ್ಕಿ ಹೊಳಪಿಸುವುದೆಂದರೆ ಅದರ ಹುಟ್ಟಿನ ದಾಖಲೆಯನ್ನೇ ಅಳಿಸಿದಂತೆ. ಕುಟ್ಟೆ ಹುಳು ಕೊರೆದ ತೂತುಗಳು ಹಳೆಯವಾದರೆ ಚಿಂತೆಯಿಲ್ಲ. ತಟ್ಟಿದಾಗ ಹೊಸ ಹಿಟ್ಟು ಉದುರಿದರೆ ಮನೆಗೆ ತರಬೇಡಿ, ಉಳಿದ ಮರಕ್ಕೂ ಹಬ್ಬುತ್ತದೆ.

ಇಷ್ಟೆಲ್ಲ ನೋಡುವ ಕೆಲಸ ಮುಗಿಯಬೇಕಾದದ್ದು ಹರಾಜಿಗೆ ಮುಂಚಿನ ವೀಕ್ಷಣೆಯಲ್ಲಿ. ದೂರದಿಂದ ಕೊಳ್ಳುವವರು ತಳ, ಬಾಯಿ, ಅಲಗಿನ ಹಿಂಬದಿ, ಈ ಮೂರರ ಫೋಟೊಗಳನ್ನು ಕೇಳಿ ತರಿಸಿಕೊಳ್ಳಬೇಕು. ಆಮೇಲೆ ಪ್ರತಿ ಲಾಟಿನ ಎದುರಿಗೆ ನಿಮ್ಮ ಕೊನೆಯ ಬೆಲೆ ಬರೆದಿಡಿ. ಅದರಲ್ಲಿ ಹರಾಜು ಮನೆಯ ಕಮಿಷನ್ ಸೇರಿರಲಿ: ಕಮಿಷನ್ ಶೇ 20 ಆದರೆ 100 ಪೌಂಡಿನ ಕೂಗು 120 ಪೌಂಡ್, ತೆರಿಗೆ, ಸಾಗಣೆ, ನಮ್ಮ ಕಸ್ಟಮ್ಸ್ ಸುಂಕ ಆಮೇಲಿನವು.

ಕರ್ನಾಟಕಕ್ಕೆ ತರಿಸುವವರು ಹಿಡಿಯ ಮರವನ್ನೂ ವಿಚಾರಿಸಬೇಕು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅನೇಕ ಸ್ಟ್ಯಾನ್ಲಿ ಹತ್ತರಿಗಳ ಹಿಡಿ ಬ್ರೆಜಿಲ್‌ನ ಬೀಟೆಮರದ್ದು. ಆ ಮರ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಅತಿ ಕಟ್ಟುನಿಟ್ಟಿನ ನಿರ್ಬಂಧದಲ್ಲಿದೆ. ಕಾಗದಪತ್ರ ಸರಿಯಿಲ್ಲದಿದ್ದರೆ ಗಡಿಯಲ್ಲೇ ತಡೆಯಬಹುದು.

ಇದೇ ಕಣ್ಣು ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲೂ ಕೆಲಸ ಮಾಡುತ್ತದೆ. ಮೊದಲ ಖರೀದಿಗೆ ಅಪರೂಪದ್ದೇನೂ ಬೇಡ: ಒಂಬತ್ತಿಂಚಿನ ನಾಲ್ಕನೆಯ ನಂಬರ್ ಹತ್ತರಿ ಸಾಕು. ತುಕ್ಕಿರಲಿ, ಸೀಳು ಬೇಡ. ಅಲಗಿನಲ್ಲಿ ಒಂದಿಂಚು ಉಕ್ಕು ಉಳಿದಿರಲಿ. ಅದನ್ನು ಬಿಚ್ಚಿ, ಒರೆಸಿ, ಹರಿತ ಮಾಡಿ, ತೇಗದ ಹಲಗೆಯ ಮೇಲೆ ಓಡಿಸಿದವರಿಗೆ ಮುಂದಿನ ಹರಾಜಿನಲ್ಲಿ ಯಾವುದಕ್ಕೆ ಕೂಗಬೇಕೆಂದು ಇನ್ನೊಬ್ಬರನ್ನು ಕೇಳುವ ಅಗತ್ಯ ಬೀಳುವುದಿಲ್ಲ.