ಕಳೆದುಕೊಳ್ಳುವ ಆಟದ ನ್ಯಾಯ

ಕಂಪ್ಯೂಟರ್ ಗೇಮ್‌ಗಳಲ್ಲಿ ಸಾವು ಬಹಳ ಅಗ್ಗ. ಗುಂಡು ತಗುಲುತ್ತದೆ, ಪರದೆ ಒಂದು ಕ್ಷಣ ಕೆಂಪಾಗುತ್ತದೆ, ಐದು ಸೆಕೆಂಡಿನಲ್ಲಿ ಸತ್ತವನು ಹೊಸ ಬಂದೂಕು ಹಿಡಿದು ಎದ್ದು ಓಡುತ್ತಾನೆ. ‘ಎಸ್ಕೇಪ್ ಫ್ರಮ್ ಟಾರ್ಕೋವ್’ ಎಂಬ ಆಟ ಈ ಸಾವನ್ನು ದುಬಾರಿ ಮಾಡಿತು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬ್ಯಾಟಲ್‌ಸ್ಟೇಟ್ ಗೇಮ್ಸ್ ಕಂಪನಿ ಇದರ ಕ್ಲೋಸ್ಡ್ ಬೀಟಾವನ್ನು 2017ರ ಜುಲೈನಲ್ಲಿ ತೆರೆಯಿತು. ಎಂಟು ವರ್ಷ ಬೀಟಾದಲ್ಲೇ ಉಳಿದು, 2025ರ ನವೆಂಬರ್ 15ರಂದು 1.0 ಆವೃತ್ತಿಯಾಗಿ ಹೊರಬಂತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಒಂದು ಫ್ಲ್ಯಾಟಿನಲ್ಲಿ ಕೂತು ನಾನು ಇದನ್ನು ಕೆಲವು ವರ್ಷಗಳಿಂದ ಆಡುತ್ತಿದ್ದೇನೆ. ಬೈದುಕೊಳ್ಳುತ್ತಲೇ ಆಡುತ್ತಿದ್ದೇನೆ. ಇಷ್ಟು ಕಷ್ಟ ಕೊಡುವ ಆಟಕ್ಕೆ ಜನ ಯಾಕೆ ಮರಳಿ ಬರುತ್ತಾರೆ, ಅದು ಕೊಡುವ ಕಷ್ಟಗಳಲ್ಲಿ ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಬಾರದು ಎಂಬುದು ಈ ಬರಹದ ವಿಷಯ.

ಗೇಮ್ ಆಡದ ಓದುಗರಿಗಾಗಿ ಎರಡು ಮಾತು. ಟಾರ್ಕೋವ್ ಎಂಬುದು ವಾಯುವ್ಯ ರಷ್ಯಾದಲ್ಲಿ ಇದೆಯೆಂದು ಕಲ್ಪಿಸಿಕೊಂಡ ಒಂದು ಹಾಳು ಪಟ್ಟಣ. ಎರಡು ಖಾಸಗಿ ಸೇನಾ ಕಂಪನಿಗಳ ಸೈನಿಕರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ನೀವು ಅವರಲ್ಲಿ ಒಬ್ಬರು. ನಿಮ್ಮದೇ ಉಗ್ರಾಣದಿಂದ ಬಂದೂಕು, ಕವಚ, ಔಷಧಿ, ಚೀಲ ತೆಗೆದುಕೊಂಡು ಒಂದು ಪ್ರದೇಶಕ್ಕೆ ಇಳಿಯುತ್ತೀರಿ. ಇದಕ್ಕೆ ‘ರೈಡ್’ ಎಂದು ಹೆಸರು. ಅಲ್ಲಿ ನಿಮ್ಮಂತೆಯೇ ಇಳಿದ ಬೇರೆ ಆಟಗಾರರೂ ಕಂಪ್ಯೂಟರ್ ನಡೆಸುವ ಕಳ್ಳಕಾಕರೂ ಇರುತ್ತಾರೆ. ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು, ಗಡುವಿನೊಳಗೆ ಹೊರಗೆ ಹೋಗುವ ದಾರಿಯೊಂದನ್ನು ತಲುಪಬೇಕು. ತಲುಪಿದರೆ ಚೀಲದಲ್ಲಿದ್ದದ್ದೆಲ್ಲ ನಿಮ್ಮದು. ಸತ್ತರೆ, ಒಂದು ಸಣ್ಣ ಭದ್ರ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಬಿಟ್ಟು ಬಹುತೇಕ ಎಲ್ಲವೂ ಹೋಯಿತು. ಕೊಂದವನು ನಿಮ್ಮ ಚೀಲ ಬಿಚ್ಚಿ, ಬೇಕಾದ್ದನ್ನು ಆರಿಸಿಕೊಂಡು ಹೋಗುತ್ತಾನೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಬಂದೂಕಿನ ಪರಿಚಯ ಬೇಕಿಲ್ಲ, ಕಬಡ್ಡಿಯ ಪರಿಚಯ ಸಾಕು. ಅಲ್ಲೂ ಅದು ರೈಡೇ. ಗೆರೆ ದಾಟಿ ಎದುರಾಳಿಯ ಅಂಗಳಕ್ಕೆ ಹೋಗಿ ಮೂವರನ್ನು ಮುಟ್ಟಿದರೂ, ಉಸಿರು ಹಿಡಿದು ಗೆರೆಗೆ ಮರಳದಿದ್ದರೆ ಆ ಮುಟ್ಟಿದ್ದಕ್ಕೆ ಬೆಲೆಯಿಲ್ಲ. ಪರಾಕ್ರಮದ ಲೆಕ್ಕ ನಡೆಯುವುದು ವಾಪಸಾದ ಮೇಲೆ. ಟಾರ್ಕೋವ್ ಹಿಡಿದಿರುವುದು ಇದೇ ಸೂತ್ರವನ್ನು. ಆದರೆ ಕಬಡ್ಡಿಯಲ್ಲಿ ಔಟಾದವನು ತನ್ನ ತಂಡ ಅಂಕ ಗಳಿಸಿದಾಗ ಮತ್ತೆ ಒಳಗೆ ಬರುತ್ತಾನೆ. ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ಮನೆಗೆ ಮರಳಿ ಹೊಸದಾಗಿ ಹೊರಡುತ್ತದೆ. ಟಾರ್ಕೋವಿನಲ್ಲಿ ನೀವು ಹೊಸದಾಗಿ ಹೊರಡಬಹುದು, ನಿಮ್ಮ ಬಂದೂಕು ಮಾತ್ರ ಬೇರೊಬ್ಬನ ಉಗ್ರಾಣದಲ್ಲಿರುತ್ತದೆ.

ಆಟ ಕಠಿಣವಾಗುವುದು ಶತ್ರುಗಳ ಸಂಖ್ಯೆಯಿಂದಲ್ಲ, ಅದು ಮುಚ್ಚಿಡುವ ಮಾಹಿತಿಯಿಂದ. ಪರದೆಯ ಮೂಲೆಯಲ್ಲಿ ನಕ್ಷೆ ಇಲ್ಲ. ನೀವು ಎಲ್ಲಿದ್ದೀರಿ ಎಂದು ತೋರಿಸುವ ಬಾಣವಿಲ್ಲ. ಬಂದೂಕಿನಲ್ಲಿ ಎಷ್ಟು ಗುಂಡು ಉಳಿದಿದೆ ಎಂಬ ಅಂಕಿಯೂ ಇಲ್ಲ. ಮ್ಯಾಗಜೀನನ್ನು ಕಳಚಿ ನೋಡಬೇಕು, ಆಗಲೂ ಸಿಗುವುದು ಸುಮಾರಾದ ಅಂದಾಜು. ಮ್ಯಾಗಜೀನಿಗೆ ಗುಂಡು ತುಂಬುವುದೂ ಒಂದೊಂದಾಗಿಯೇ, ಸದ್ದು ಮಾಡುತ್ತಾ. ದೇಹವನ್ನು ಏಳು ಭಾಗಗಳಾಗಿ ವಿಂಗಡಿಸಿ ಒಟ್ಟು 440 ಅಂಕ ಹಂಚಿದ್ದಾರೆ. ತಲೆಗೆ 35, ಎದೆಗೆ 85. ಕಾಲು ಮುರಿದರೆ ಪಟ್ಟಿ ಕಟ್ಟಬೇಕು, ರಕ್ತ ಸುರಿದರೆ ನಿಲ್ಲಿಸಬೇಕು, ನೀರು ಕುಡಿಯಬೇಕು, ಊಟ ಮಾಡಬೇಕು. ಯಾವ ಗುಂಡು ಯಾವ ಕವಚವನ್ನು ತೂರುತ್ತದೆ ಎಂಬುದೇ ಒಂದು ಶಾಸ್ತ್ರ. ಒಳ್ಳೆಯ ಬಂದೂಕಿನಲ್ಲಿ ಕೆಟ್ಟ ಗುಂಡು ಹಾಕಿಕೊಂಡವನು ಅಗ್ಗದ ಬಂದೂಕಿನಲ್ಲಿ ಒಳ್ಳೆಯ ಗುಂಡು ಹಾಕಿಕೊಂಡವನ ಮುಂದೆ ಸೋಲುತ್ತಾನೆ. ಇದನ್ನೆಲ್ಲ ಕೈ ಹಿಡಿದು ಕಲಿಸುವವರಿಲ್ಲ. ಸತ್ತು ಸತ್ತು ಕಲಿಯಬೇಕು.

ಹೀಗೆ ಕಲಿತದ್ದು ನಿಜಕ್ಕೂ ನಿಮ್ಮದಾಗುತ್ತದೆ ಎಂಬುದು ಆಟದ ಮೊದಲ ಆಕರ್ಷಣೆ. ‘ಕಸ್ಟಮ್ಸ್’ ಎಂಬ ಪ್ರದೇಶದ ಹಾಸ್ಟೆಲ್ ಕಟ್ಟಡಗಳ ಮೆಟ್ಟಿಲು ಯಾವ ಬದಿಗೆ ತಿರುಗುತ್ತದೆ, ‘ವುಡ್ಸ್’ ಎಂಬ ಕಾಡಿನ ನಡುವಿನ ಮರದ ಮಿಲ್ಲನ್ನು ಯಾವ ದಿಕ್ಕಿನಿಂದ ಸಮೀಪಿಸಬೇಕು ಎಂದು ನನಗೆ ನಾನಿರುವ ಬಡಾವಣೆಯ ಗಲ್ಲಿಗಳಷ್ಟೇ ಚೆನ್ನಾಗಿ ಗೊತ್ತು. ಕಣ್ಣಿಗಿಂತ ಕಿವಿಗೆ ಇಲ್ಲಿ ಕೆಲಸ ಹೆಚ್ಚು. ಪೊದೆ ಸರಿದ ಸದ್ದು, ಒಡೆದ ಗಾಜಿನ ಮೇಲೆ ಇಟ್ಟ ಹೆಜ್ಜೆ, ಮರದ ನೆಲಕ್ಕೂ ತಗಡಿಗೂ ಇರುವ ವ್ಯತ್ಯಾಸ, ಇವನ್ನು ಕೇಳುತ್ತಾ ಹತ್ತು ನಿಮಿಷ ಒಂದು ಕೋಣೆಯ ಮೂಲೆಯಲ್ಲಿ ಅಲ್ಲಾಡದೆ ಕೂತದ್ದುಂಟು. ಕೈ ಬೆವರುತ್ತದೆ. ಮಕ್ಕಳ ಜೊತೆ ಬ್ಲ್ಯಾಕ್ ಫಾರೆಸ್ಟಿನಲ್ಲಿ ನಡೆಯಲು ಹೋದಾಗ, ಬಂಡೆ ಕಂಡರೆ ಅದರ ಹಿಂದೆ ಯಾರು ಅಡಗಬಹುದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ. ಭಯವನ್ನು ಚಿತ್ರದಿಂದ, ಸಂಗೀತದಿಂದ ಹುಟ್ಟಿಸುವ ಆಟಗಳು ಬೇಕಾದಷ್ಟಿವೆ. ಟಾರ್ಕೋವಿನ ಭಯ ಲೆಕ್ಕದ ಭಯ. ಬೆನ್ನಿನ ಚೀಲ ಭಾರವಾದಷ್ಟೂ ಎದೆ ಜೋರಾಗಿ ಬಡಿಯುತ್ತದೆ. ಖಾಲಿ ಕೈಯವನಿಗೆ ಅದೇ ಕಾಡು ತಿರುಗಾಟದ ಜಾಗ.

ಈ ಲೆಕ್ಕದಿಂದ ಒಂದು ವಿಚಿತ್ರ ರೋಗವೂ ಹುಟ್ಟುತ್ತದೆ. ಆಟಗಾರರು ಅದನ್ನು ‘ಗೇರ್ ಫಿಯರ್’ ಎನ್ನುತ್ತಾರೆ. ಒಳ್ಳೆಯ ಬಂದೂಕು ಸಿಕ್ಕಿದ ಮೇಲೆ ಅದನ್ನು ಹೊರಗೆ ಒಯ್ಯಲು ಮನಸ್ಸೇ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಅಟ್ಟ ಸೇರಿದ ಬೆಳ್ಳಿ ತಟ್ಟೆಯ ಹಾಗೆ ಅದು ಉಗ್ರಾಣದಲ್ಲೇ ಹೊಳೆಯುತ್ತಾ ಕೂರುತ್ತದೆ, ಯಜಮಾನ ಮುರುಕು ಬಂದೂಕು ಹಿಡಿದು ಯುದ್ಧಕ್ಕೆ ಹೋಗುತ್ತಾನೆ. ಬೀಟಾದ ಕಾಲದಲ್ಲಿ ಸುಮಾರು ಆರು ತಿಂಗಳಿಗೊಮ್ಮೆ ಕಂಪನಿ ಎಲ್ಲರ ಉಗ್ರಾಣಗಳನ್ನೂ ಅಳಿಸಿ ಎಲ್ಲರನ್ನೂ ಮೊದಲ ಮೆಟ್ಟಿಲಿಗೆ ತಂದು ನಿಲ್ಲಿಸುತ್ತಿತ್ತು. ಇದು ‘ವೈಪ್’. ಕೂಡಿಟ್ಟವನಿಗೂ ಖರ್ಚು ಮಾಡಿದವನಿಗೂ ಅಂದು ಒಂದೇ ಗತಿ. ವಿಮೆಯೂ ಇದೆ. ಹೊರಡುವ ಮುನ್ನ ರೂಬಲ್ ಕೊಟ್ಟು ಸಾಮಾನಿಗೆ ವಿಮೆ ಮಾಡಿಸಿದರೆ, ಕೊಂದವನು ಒಯ್ಯದೆ ಬಿಟ್ಟದ್ದು ಕೆಲವು ಗಂಟೆಗಳ ನಂತರ ಮರಳಿ ಬರುತ್ತದೆ. ಹಾಗಾಗಿ ಗೆದ್ದವನ ಒಳ್ಳೆಯ ಬಂದೂಕು ಸಿಕ್ಕಾಗ ತಮ್ಮದನ್ನು ಪೊದೆಗೆ ಎಸೆದು ವಿಮೆಯಲ್ಲಿ ವಾಪಸು ಪಡೆಯುವ ಚಾಲಾಕಿಗಳೂ ಇದ್ದಾರೆ. ಹಲ್ಲಿಗೊಂದು, ಸೈಕಲ್ಲಿಗೊಂದು, ಕಾನೂನು ಜಗಳಕ್ಕೊಂದು ಎಂದು ವಿಮೆ ಮಾಡಿಸಿಕೊಂಡು ಬಾಳುವ ಜರ್ಮನಿಯಲ್ಲಿ ಕೂತವನಿಗೆ ಇದು ಬಹಳ ಸಹಜವಾಗಿ ಕಾಣುತ್ತದೆ.

ಆಟದ ಎರಡನೆಯ ಆಕರ್ಷಣೆ, ನನ್ನ ಮಟ್ಟಿಗೆ ದೊಡ್ಡದು, ಮನುಷ್ಯರ ಭೇಟಿ. ಹತ್ತಿರ ಇರುವವರಿಗೆ ಕೇಳುವಂತೆ ಮೈಕಿನಲ್ಲಿ ಮಾತಾಡುವ ಸೌಲಭ್ಯ ಇದರಲ್ಲಿದೆ. ಒಂದು ರಾತ್ರಿ ಗೋಡೆಯಾಚೆ ಹೆಜ್ಜೆ ಸದ್ದು ಕೇಳಿ ಬೆಚ್ಚಿ ನಾನು “ಅಯ್ಯೋ” ಎಂದೆ, ಮೈಕ್ ತೆರೆದೇ ಇತ್ತು. ಹೆಜ್ಜೆ ನಿಂತಿತು. ಆಮೇಲೆ ಒಂದು ದನಿ, “ಕನ್ನಡದವ್ರಾ?” ಅವನ ಊರು ದಾವಣಗೆರೆ, ಇರುವುದು ಮ್ಯಾಂಚೆಸ್ಟರಿನಲ್ಲಿ. ಇಬ್ಬರೂ ಗುಂಡು ಹಾರಿಸಲಿಲ್ಲ. ಅವನು ಎಡಕ್ಕೆ ಹೋದ, ನಾನು ಬಲಕ್ಕೆ. ಅವನ ಹೆಸರೂ ನನಗೆ ಗೊತ್ತಿಲ್ಲ. ಬೇರೆ ಯಾವ ಶೂಟಿಂಗ್ ಗೇಮಿನಲ್ಲಾದರೂ ಇದು ನಡೆದಿದ್ದರೆ ಒಂದು ತಮಾಷೆಯಾಗಿ ಮರೆತುಹೋಗುತ್ತಿತ್ತು. ಇಲ್ಲಿ ಅವನು ನನ್ನನ್ನು ಬಿಟ್ಟದ್ದಕ್ಕೆ ಬೆಲೆಯಿತ್ತು, ಯಾಕೆಂದರೆ ಕೊಂದಿದ್ದರೆ ಅವನಿಗೆ ಲಾಭವಿತ್ತು, ನನ್ನನ್ನು ನಂಬಿದ್ದರಲ್ಲಿ ಅಪಾಯವಿತ್ತು. ಸಾವು ಅಗ್ಗವಾದ ಕಡೆ ಕರುಣೆಯೂ ಅಗ್ಗವೇ. ಟಾರ್ಕೋವ್ ಕ್ರೂರವಾದ್ದರಿಂದಲೇ ಅದರೊಳಗಿನ ಸಣ್ಣ ಸೌಜನ್ಯ ನೆನಪಿನಲ್ಲಿ ಉಳಿಯುತ್ತದೆ. ಆಟವೇ ಸೌಜನ್ಯವನ್ನು ಅಂಕಿಗಳಲ್ಲಿ ಅಳೆಯಲೂ ನೋಡಿದೆ. ಕಳ್ಳಕಾಕರ ವೇಷದಲ್ಲಿ ಇಳಿದಾಗ ತನ್ನ ಜೊತೆಗಾರರನ್ನೇ ಕೊಂದವನ ಮಾನ ಒಬ್ಬ ವ್ಯಾಪಾರಿಯ ಲೆಕ್ಕದಲ್ಲಿ ಇಳಿಯುತ್ತದೆ. ಆಟಗಾರರೆಲ್ಲ ಅದನ್ನು ಕರೆಯುವುದು ‘ಕರ್ಮ’ ಎಂದೇ. ನಮ್ಮ ಶಬ್ದವೊಂದು ರಷ್ಯಾದ ಆಟದಲ್ಲಿ ಬೋನಸ್ ಅಂಕದ ಹೆಸರಾಗಿ ದುಡಿಯುತ್ತಿದೆ.

ಇನ್ನು ಕಷ್ಟಗಳು. ಅವನ್ನು ಎರಡು ಗುಂಪು ಮಾಡದೆ ಈ ಆಟದ ವಿಮರ್ಶೆ ಸಾಧ್ಯವಿಲ್ಲ. ಮೊದಲನೆಯದು ಆಟವೇ ಬೇಕೆಂದು ಕೊಡುವ ಕಷ್ಟ. ಸೋಲು, ನಷ್ಟ, ಕತ್ತಲು, ಗೊಂದಲ. ಇದು ಆಟಗಾರ ಒಪ್ಪಿಕೊಂಡೇ ಬಂದ ಕರಾರು. ಇದರಲ್ಲಿ ನನಗೆ ತಕರಾರಿರುವುದು ಸಮಯದ ಬಗ್ಗೆ ಮಾತ್ರ. ರೈಡಿಗೆ ಪಾಜ್ ಬಟನ್ ಇಲ್ಲ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಗೆಳೆಯನ ಜೊತೆ ಆಡುವ ಹೊತ್ತಿಗೇ ಶಿವಮೊಗ್ಗದಿಂದ ಅಮ್ಮನ ವಿಡಿಯೋ ಕಾಲ್ ಬರುತ್ತದೆ. ನಾನು ಹೆಡ್‌ಫೋನ್ ತೆಗೆದು ಫೋನ್ ಎತ್ತುತ್ತೇನೆ. ನನ್ನ ಸೈನಿಕ ಪೊದೆಯೊಳಗೆ ಅನಾಥನಾಗಿ ಕೂತಿರುತ್ತಾನೆ. ಹುಳಿಯ ಪುಡಿ ಮುಗಿಯಿತಾ ಎಂದು ಅಮ್ಮ ಕೇಳುವಷ್ಟರಲ್ಲಿ ಅವನು ಸತ್ತಿರುತ್ತಾನೆ. ದಿನಕ್ಕೆ ಎಂಟು ಗಂಟೆ ಆಡುವ ಹುಡುಗನಿಗೂ ವಾರಕ್ಕೆ ನಾಲ್ಕು ಗಂಟೆ ಕದಿಯುವ ಸಂಸಾರಿಗೂ ಈ ಆಟ ಒಂದೇ ಅಳತೆಗೋಲು ಇಡುತ್ತದೆ. ಅದು ಕಠಿಣ, ಆದರೆ ಅನ್ಯಾಯವೆಂದು ನಾನು ಹೇಳಲಾರೆ. ನಿಯಮ ಇಬ್ಬರಿಗೂ ಗೊತ್ತಿತ್ತು.

ಎರಡನೆಯದು ಕರಾರನ್ನೇ ಮುರಿಯುವ ಕಷ್ಟ. ಮೋಸದ ಸಾಫ್ಟ್‌ವೇರ್ ಹಾಕಿಕೊಂಡು ಗೋಡೆಯಾಚೆ ಇರುವವರನ್ನು ನೋಡುವ ಆಟಗಾರರು ಎಲ್ಲ ಆನ್‌ಲೈನ್ ಗೇಮ್‌ಗಳಲ್ಲೂ ಇದ್ದಾರೆ. 2023ರ ಫೆಬ್ರುವರಿಯಲ್ಲಿ ಟಾರ್ಕೋವ್ ಬಗ್ಗೆ ಬಂದ ಒಂದು ಯೂಟ್ಯೂಬ್ ವಿಡಿಯೋ ಆಟಗಾರರನ್ನು ಬೆಚ್ಚಿಬೀಳಿಸಿತು. ಅದನ್ನು ಮಾಡಿದವನು ತಾನೇ ಅಂಥ ಸಾಫ್ಟ್‌ವೇರ್ ಹಾಕಿಕೊಂಡು ರೈಡಿಗಿಳಿದು, ಗೋಡೆಯಾಚೆ ದೂರದಲ್ಲಿ ಕಾಣುವ ಆಟಗಾರರತ್ತ ತಿರುಗಿ ಮೈ ಅತ್ತಿತ್ತ ಆಡಿಸಿದ. ನ್ಯಾಯವಾಗಿ ಆಡುವವನಿಗೆ ಅವನು ಕಾಣುವಂತೆಯೇ ಇರಲಿಲ್ಲ. ಆದರೂ ಆಚೆಯಿಂದ ಉತ್ತರವಾಗಿ ಮೈ ಆಡಿಸಿದವರು ಸಿಕ್ಕರು, ಮತ್ತೆ ಮತ್ತೆ ಸಿಕ್ಕರು. ಸಾಮಾನ್ಯ ಗೇಮಿನಲ್ಲಿ ಮೋಸಗಾರ ನಿಮ್ಮ ಐದು ನಿಮಿಷ ಕದಿಯುತ್ತಾನೆ. ಇಲ್ಲಿ ಅವನು ಕದಿಯುವುದು ವಾರದ ದುಡಿಮೆಯನ್ನು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪ್ರತಿ ಸೋಲಿನ ನಂತರ ‘ನಾನೆಲ್ಲಿ ತಪ್ಪಿದೆ’ ಎಂದು ಕೇಳಿಕೊಳ್ಳುತ್ತಿದ್ದ ಆಟಗಾರ ‘ಅವನು ಮೋಸಗಾರನಾ’ ಎಂದು ಕೇಳಿಕೊಳ್ಳತೊಡಗುತ್ತಾನೆ. ಅಲ್ಲಿಗೆ ಕಲಿಕೆ ನಿಂತಿತು. ಕಲಿಕೆ ನಿಂತ ಮೇಲೆ ನಷ್ಟ ಬರೀ ನಷ್ಟ.

2024ರ ಏಪ್ರಿಲ್‌ನಲ್ಲಿ ಕಂಪನಿಯೇ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿತು. ‘ಅನ್‌ಹರ್ಡ್’ ಎಂಬ 250 ಡಾಲರಿನ ಆವೃತ್ತಿ ತಂದು, ಎದುರಾಳಿ ಆಟಗಾರರಿಲ್ಲದೆ ಕಂಪ್ಯೂಟರಿನ ವಿರುದ್ಧ ಮಾತ್ರ ಆಡುವ, ಪ್ರಗತಿ ಉಳಿಯುವ ವಿಧಾನವನ್ನು ಅದರೊಳಗೆ ಸೇರಿಸಿತು. ಇದಕ್ಕೆ ಮೊದಲು ‘ಎಜ್ ಆಫ್ ಡಾರ್ಕ್‌ನೆಸ್’ ಎಂಬ ದುಬಾರಿ ಆವೃತ್ತಿ ಕೊಂಡವರಿಗೆ ಮುಂದಿನ ಎಲ್ಲ ಡಿಎಲ್‌ಸಿ ಉಚಿತವೆಂದು ಅದೇ ಕಂಪನಿ ಮಾತು ಕೊಟ್ಟಿತ್ತು. ಇದು ಆ ಲೆಕ್ಕಕ್ಕೆ ಬರುವುದಿಲ್ಲ ಎಂಬ ವಾದ ಬಂತು. ಜನ ಸಿಡಿದೆದ್ದರು. ಕೊನೆಗೆ ಕಂಪನಿ ಹಿಂದೆ ಸರಿದು ಹಳೆಯ ಗಿರಾಕಿಗಳಿಗೂ ಅದನ್ನು ಕೊಡಬೇಕಾಯಿತು. ದುಡ್ಡಿನ ಮೊತ್ತಕ್ಕಿಂತ ನನ್ನನ್ನು ಕಾಡಿದ್ದು ಅದರ ತರ್ಕ. ಪ್ರತಿಯೊಂದನ್ನೂ ಕಷ್ಟಪಟ್ಟು ಗಳಿಸಬೇಕು ಎಂದು ವರ್ಷಗಟ್ಟಲೆ ಪಾಠ ಹೇಳಿದ ಆಟ, ಆ ಆವೃತ್ತಿಯ ಜೊತೆ ದೊಡ್ಡ ಭದ್ರ ಪೆಟ್ಟಿಗೆಯನ್ನೂ ಮಾರಿತು. ಕಳೆದುಕೊಳ್ಳುವ ಭಯವೇ ಬಂಡವಾಳವಾದ ಕಡೆ, ಕಡಿಮೆ ಕಳೆದುಕೊಳ್ಳುವ ಹಕ್ಕನ್ನು ಮಾರಿದರೆ ಬಂಡವಾಳವೇ ಕರಗುತ್ತದೆ.

ಇನ್ನೊಂದು ಮಾತನ್ನು ಗೇಮ್ ವಿಮರ್ಶಕರು ಹೇಳುವುದು ಕಡಿಮೆ. ಬಂದೂಕಿನ ಒಂದೊಂದು ಸ್ಕ್ರೂವನ್ನೂ ನಿಖರವಾಗಿ ತೋರಿಸುವ ಈ ಆಟದಲ್ಲಿ ಊರಿನ ಜನ ಎಲ್ಲಿ? ಪಟ್ಟಣ ಬಿಟ್ಟು ಹೋಗದೆ ಉಳಿದ ಸ್ಥಳೀಯರೇ ಕಥೆಯ ಪ್ರಕಾರ ಕಳ್ಳಕಾಕರು. ಅಂದರೆ ಅಲ್ಲಿಯ ನಿವಾಸಿಗೆ ಆಟ ಕೊಟ್ಟ ಪಾತ್ರ ಗುರಿಯದು. ಮನೆಗಳಲ್ಲಿ ಹಾಸಿಗೆ ಇದೆ, ಅಡುಗೆಮನೆ ಇದೆ, ಬದುಕುವವರಿಲ್ಲ. 2022ರ ನಂತರ ನಮ್ಮ ಮಕ್ಕಳ ಶಾಲೆಗೆ ಉಕ್ರೇನಿನಿಂದ ಬಂದ ಮಕ್ಕಳು ಸೇರಿದರು. ಅವರು ಬಿಟ್ಟು ಬಂದ ಅಡುಗೆಮನೆಗಳಲ್ಲಿ ಜನವಿದ್ದರು. ಅದಾದ ಮೇಲೆ ಈ ಆಟವನ್ನು ‘ವಾಸ್ತವಕ್ಕೆ ಹತ್ತಿರ’ ಎಂದು ಹೊಗಳಲು ನನ್ನ ನಾಲಗೆ ಹೊರಳುವುದಿಲ್ಲ. ಅದರ ವಾಸ್ತವ ಲೋಹದ್ದು. ಮನುಷ್ಯರ ವಿಷಯದಲ್ಲಿ ಅದು ಉಳಿದ ಶೂಟಿಂಗ್ ಗೇಮ್‌ಗಳಷ್ಟೇ ಕುರುಡು.

ಹಾಗಾದರೆ ಆಡಬೇಕೇ? ದಿನದ ದಣಿವು ಕಳೆಯಲು ಗೇಮ್ ಹುಡುಕುವವರಿಗೆ ಬೇಡವೇ ಬೇಡ, ಇದು ಇನ್ನೊಂದು ದಣಿವನ್ನು ಕೊಡುತ್ತದೆ. ಸೋಲಿನಿಂದ ಏನನ್ನಾದರೂ ಕಲಿಯಬಹುದು ಎಂಬ ನಂಬಿಕೆ ಇನ್ನೂ ಇರುವವರು ಆಡಿ ನೋಡಲಿ. ಆದರೆ ದುಬಾರಿ ಆವೃತ್ತಿ ಕೊಳ್ಳದೆ, ಮೊದಲ ತಿಂಗಳು ಬರೀ ಸಾಯುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಆಡಲಿ. ಇನ್ನು ಊರಿನಲ್ಲಿ ಈ ಬರಹ ಓದುತ್ತಿರುವ ತಂದೆತಾಯಿಯರಿಗೆ ಒಂದು ಕೋರಿಕೆ. ನಿಮ್ಮ ಮಗನೋ ಮಗಳೋ ಹೆಡ್‌ಫೋನ್ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದರೆ, ಊಟಕ್ಕೆ ಕರೆಯುವ ಮುನ್ನ “ಇನ್ನೆಷ್ಟು ನಿಮಿಷ?” ಎಂದು ಕೇಳಿ. ನಲವತ್ತು ಎಂದರೆ, ಸಾರನ್ನು ಆಮೇಲೆ ಬಿಸಿ ಮಾಡಿದರಾಯಿತು.